ಔಷಧವಿಲ್ಲದ ಅಭಯ

ತಾತ್ಕಾಲಿಕವಾಗಿ ಆಶ್ರಯ ಪಡೆದವರಿಗೆ ವೈದ್ಯಕೀಯ ನೆರವು ಹಕ್ಕೋ, ಕೃಪೆಯೋ ಎಂಬ ಪ್ರಶ್ನೆಗೆ ಭಾರತದ ಕಾನೂನು ಇನ್ನೂ ನೇರವಾದ ಉತ್ತರ ಕೊಟ್ಟಿಲ್ಲ. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಅಧಿನಿಯಮವು ಹಳೆಯ ನಾಲ್ಕು ಕಾಯಿದೆಗಳ ಸ್ಥಾನವನ್ನು ಪಡೆಯಿತಾದರೂ ನಿರಾಶ್ರಿತನೆಂದರೆ ಯಾರು ಎಂಬುದನ್ನು ನಿರೂಪಿಸುವ ಗೋಜಿಗೆ ಹೋಗಲಿಲ್ಲ. ಅದರೊಡನೆ ಹೊರಟ ವಿನಾಯಿತಿ ಆದೇಶವು ಟಿಬೆಟಿಯನ್ನರಿಗೂ 2015ರ ಜನವರಿ 9ರವರೆಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾದ ತಮಿಳರಿಗೂ ಪಾಸ್‌ಪೋರ್ಟ್ ಮತ್ತು ವೀಸಾದ ವಿಷಯದಲ್ಲಿ ರಿಯಾಯಿತಿ ತೋರಿದೆ. ಅದು ಸ್ವಾಗತಾರ್ಹವೇ. ಆದರೆ ಶಿಕ್ಷೆಯಿಂದ ವಿನಾಯಿತಿ ಒಂದು, ಚಿಕಿತ್ಸೆಯ ಹಕ್ಕು ಮತ್ತೊಂದು. ಓಡಿಸುವುದಿಲ್ಲ ಎಂಬ ಮಾತಿನಿಂದ ಜ್ವರ ಇಳಿಯುವುದಿಲ್ಲ.

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. ಹಾಸನ ಜಿಲ್ಲೆಗೆ ದಕ್ಷಿಣದಲ್ಲಿರುವ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ಕೊನೆಯಲ್ಲಿ ಅಂದಿನ ಮೈಸೂರು ರಾಜ್ಯವು ಟಿಬೆಟಿಯನ್ನರಿಗೆ ಸುಮಾರು 3,000 ಎಕರೆ ಭೂಮಿಯನ್ನು ಗುತ್ತಿಗೆಯ ಮೇಲೆ ಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲಿಯೂ ನೆಲೆಗಳು ಎದ್ದವು. ಆ ಔದಾರ್ಯಕ್ಕೆ ಸಾಟಿಯಾದ ಉದಾಹರಣೆಗಳು ದೇಶದಲ್ಲಿ ಹೆಚ್ಚಿಲ್ಲ. ಹಿಮದ ಪ್ರಸ್ಥಭೂಮಿಯಿಂದ ಬಯಲಿನ ಸೆಕೆಗೆ ಬಂದ ಆ ಜನರನ್ನು ಕ್ಷಯರೋಗ ಕಾಡಿತು. ಅವರಲ್ಲಿ ಆ ರೋಗದ ಪ್ರಮಾಣ ಸುತ್ತಲಿನ ಜನರಿಗಿಂತ ಹೆಚ್ಚೆಂಬುದು ವೈದ್ಯರು ದಶಕಗಳಿಂದ ಬಲ್ಲ ಸಂಗತಿ. ಇದಕ್ಕೆ ಬೇಕಾದ ಆಸ್ಪತ್ರೆಗಳನ್ನು ಬಹುಮಟ್ಟಿಗೆ ಅವರದೇ ಆಡಳಿತವು ಪರದೇಶದ ದಾನಿಗಳ ನೆರವಿನಿಂದ ನಡೆಸಿಕೊಂಡು ಬಂದಿತು. 2012ರಲ್ಲಿ ಅವರೇ ವಂತಿಗೆ ಕಟ್ಟುವ ಒಂದು ಆರೋಗ್ಯ ನಿಧಿಯೂ ಆರಂಭವಾಯಿತು. 2014ರಲ್ಲಿ ಕೇಂದ್ರ ಗೃಹ ಸಚಿವಾಲಯವು ಹೊರಡಿಸಿದ ಟಿಬೆಟಿಯನ್ ಪುನರ್ವಸತಿ ನೀತಿಯು ಹಲವು ಕಲ್ಯಾಣ ಯೋಜನೆಗಳನ್ನು ಅವರಿಗೂ ವಿಸ್ತರಿಸಬೇಕೆಂದಿತು; ಅನುಷ್ಠಾನವನ್ನು ಮಾತ್ರ ರಾಜ್ಯಗಳಿಗೆ ಬಿಟ್ಟಿತು. ಬಂದು ಐವತ್ತು ವರ್ಷಗಳಾದ ಮೇಲೆ ಬಂದ ನೀತಿ ಇದು. ಭೂಮಿಗೆ ಗುತ್ತಿಗೆ ಪತ್ರವಿತ್ತು. ರೋಗಕ್ಕೆ ಅಂಥ ಪತ್ರವಿರಲಿಲ್ಲ.

ಯುರೋಪಿನ ಒಕ್ಕೂಟವು ಈ ವಿಷಯದಲ್ಲಿ ಬರಹದಲ್ಲಿ ಸ್ಪಷ್ಟವಾಗಿದೆ. ಅಲ್ಲಿಯ 2001ರ ತಾತ್ಕಾಲಿಕ ರಕ್ಷಣೆಯ ನಿರ್ದೇಶನವು ಇಪ್ಪತ್ತು ವರ್ಷ ನಿದ್ರಿಸಿ 2022ರ ಮಾರ್ಚ್‌ನಲ್ಲಿ ಉಕ್ರೇನಿನ ಜನರಿಗಾಗಿ ಎಚ್ಚತ್ತಿತು. ತುರ್ತು ಚಿಕಿತ್ಸೆಯ ಜೊತೆಗೆ ಕಾಯಿಲೆಗೆ ಅವಶ್ಯವಾದ ಚಿಕಿತ್ಸೆಯನ್ನೂ ಕೊಡಬೇಕೆಂದು ಅದು ವಿಧಿಸುತ್ತದೆ. ಇದೇ ಔದಾರ್ಯ ಬೇರೆ ಯುದ್ಧಗಳಿಂದ ಓಡಿಬಂದವರಿಗೆ ಏಕೆ ಸಿಗಲಿಲ್ಲ ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ.

ಭಾರತದಲ್ಲಿ ಆ ಸ್ಪಷ್ಟತೆಯನ್ನು ನ್ಯಾಯಾಲಯದ ತೀರ್ಪುಗಳಲ್ಲಿ ಹುಡುಕಬೇಕಾಗುತ್ತದೆ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡು ತೀರ್ಪುಗಳನ್ನು ಕೊಟ್ಟಿತು. ಅರುಣಾಚಲ ಪ್ರದೇಶದ ಚಕ್ಮಾ ಜನರ ಮೊಕದ್ದಮೆಯಲ್ಲಿ, ಸಂವಿಧಾನದ 21ನೆಯ ವಿಧಿಯು ಕಾಯುವ ಜೀವವು ಪ್ರಜೆಯದ್ದಷ್ಟೇ ಅಲ್ಲ, ಈ ನೆಲದ ಮೇಲಿರುವ ಪ್ರತಿಯೊಬ್ಬನದ್ದು ಎಂದಿತು. ಪಶ್ಚಿಮ ಬಂಗಾಳದ ಮೊಕದ್ದಮೆಯಲ್ಲಿ, ರೈಲಿನಿಂದ ಬಿದ್ದ ಕೃಷಿ ಕಾರ್ಮಿಕನೊಬ್ಬನನ್ನು ಹಲವು ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದು ಹಿಂದಕ್ಕೆ ಕಳುಹಿಸಿದ್ದು ಅದೇ 21ನೆಯ ವಿಧಿಯ ಉಲ್ಲಂಘನೆ ಎಂದು ತೀರ್ಮಾನಿಸಿ 25,000 ರೂಪಾಯಿ ಪರಿಹಾರ ಕೊಡಿಸಿತು. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ತಾತ್ಪರ್ಯ ಸರಳವಾಗಿದೆ: ಪ್ರಜೆಯಲ್ಲದವನಿಗೂ ತುರ್ತು ಚಿಕಿತ್ಸೆ ಸಲ್ಲತಕ್ಕದ್ದು. ಹೀಗೆ ಜೊತೆಯಾಗಿ ಓದುವ ಅಭ್ಯಾಸ ಮಾತ್ರ ಬೆಳೆಯಲಿಲ್ಲ. ಅದೂ ಅಲ್ಲದೆ ಆ ತೀರ್ಪು ಹೇಳಿದ್ದು ತುರ್ತನ್ನು ಕುರಿತು. ತಿಂಗಳುಗಟ್ಟಲೆ ನಡೆಯಬೇಕಾದ ಚಿಕಿತ್ಸೆಗೆ ಅದರಲ್ಲಿ ಆಸರೆ ಕಡಿಮೆ.

ಆ ತಿಂಗಳುಗಳ ಲೆಕ್ಕವು ಸಕಲೇಶಪುರ, ಆಲೂರುಗಳ ಬೆಟ್ಟಸಾಲಿನಲ್ಲಿ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಕಾಫಿ ಕೊಯ್ಲಿಗೆ ಅಸ್ಸಾಮಿನಷ್ಟು ದೂರದಿಂದಲೂ ಕುಟುಂಬಗಳು ಬಂದು ತೋಟದ ಲೈನು ಮನೆಗಳಲ್ಲಿ ಇಳಿಯುತ್ತವೆ. ಕಾನೂನಿನ ಅರ್ಥದಲ್ಲಿ ಇವರು ನಿರಾಶ್ರಿತರಲ್ಲ. ಆದರೂ ಭಾಷೆ ಬೇರೆಯೆಂಬ ಕಾರಣಕ್ಕೆ ಪರದೇಶದವರೇ ಇರಬಹುದೆಂಬ ಶಂಕೆ ಇವರ ಬೆನ್ನಿಗಿರುತ್ತದೆ. ತೋಟದ ಧಣಿಯ ಮಾತೇ ಇವರಿಗಿರುವ ರಕ್ಷಣೆ, ಅದೂ ಕೊಯ್ಲು ಮುಗಿಯುವವರೆಗೆ. ಕ್ಷಯಕ್ಕೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಔಷಧ ಬೇಕು. ಕೊಯ್ಲು ಮೂರು ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಔಷಧವೇನೋ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ರೋಗಿಯ ಪೋಷಣೆಗೆ ಕೊಡುವ ಹಣ, 2018ರಲ್ಲಿ ತಿಂಗಳಿಗೆ 500 ರೂಪಾಯಿಯಿದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ, ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಯಿಲ್ಲದವನಿಗೆ ಮಾತ್ರೆ ಸಿಕ್ಕೀತು, ಹಾಲು ಸಿಗದು. ದೊಡ್ಡ ಶಸ್ತ್ರಚಿಕಿತ್ಸೆಗಾಗಿ ಇರುವ ಆರೋಗ್ಯ ಕರ್ನಾಟಕದ ನೆರವು ಪಡಿತರ ಚೀಟಿಯನ್ನು ನೋಡಿ ದೊರೆಯುತ್ತದೆ. ಆ ಚೀಟಿ ಊರಿನಲ್ಲೇ ಉಳಿದಿರುತ್ತದೆ, ಇಲ್ಲವೆ ಬೇರೆ ರಾಜ್ಯದ್ದಾಗಿರುತ್ತದೆ. ಮೆಣಸು ಬಿಡಿಸುವಾಗ ಏಣಿಯಿಂದ ಬಿದ್ದವನನ್ನೂ ಆನೆ ತುಳಿದವನನ್ನೂ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಒಯ್ಯಬಹುದು. ಮೂಳೆ ಕೂಡುವವರೆಗಿನ ವಾರಗಳಲ್ಲಿ ಅವನ ಅನ್ನ ಯಾರದು?

1951ರ ತೋಟ ಕಾರ್ಮಿಕರ ಅಧಿನಿಯಮವು ಇದಕ್ಕೆ ಉತ್ತರ ಹೇಳಿತ್ತು. ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ ಕಲ್ಪಿಸುವ ಹೊಣೆಯನ್ನು ಅದು ಧಣಿಯ ಮೇಲೆ ಹೊರಿಸಿತ್ತು. ಆದರೆ ಐದು ಹೆಕ್ಟೇರಿಗಿಂತ ಕಡಿಮೆಯ ತೋಟಗಳು ಅದರ ವ್ಯಾಪ್ತಿಯಿಂದ ಹೊರಗಿದ್ದವು, ಈ ಬೆಟ್ಟಗಳಲ್ಲಿ ಅಂಥ ಹಿಡುವಳಿಗಳೇ ಬಹಳ. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ ಹೊಸ ಸಂಹಿತೆ ಬಂದಿದೆ. ಸಂಹಿತೆ ಬದಲಾದರೂ ತೋಟದ ಲೆಕ್ಕಪುಸ್ತಕ ಬದಲಾಗದಿದ್ದರೆ ಪ್ರಯೋಜನವಿಲ್ಲ. ಕೂಲಿಯವನ ಔಷಧದ ವೆಚ್ಚವನ್ನು ಅವನ ಮುಂಗಡದ ಖಾತೆಗೆ ಖರ್ಚು ಬರೆದರೆ ಅದು ಹಕ್ಕಿನ ಸಂದಾಯವೂ ಅಲ್ಲ, ದಾನವೂ ಅಲ್ಲ, ಸಾಲ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನದ ಎಣಿಕೆ ಶ್ರಾವಕರಿಗೆಲ್ಲ ಪರಿಚಿತ. ಬಸದಿಗಳ ಟ್ರಸ್ಟುಗಳು ನಡೆಸುವ ನೇತ್ರ ಶಿಬಿರ, ರಕ್ತ ಪರೀಕ್ಷೆಯ ಶಿಬಿರಗಳು ಔಷಧದಾನದ ಹೆಸರಿನಲ್ಲೇ ನಡೆಯುತ್ತವೆ. ಅವುಗಳಿಂದ ಉಪಕಾರವಾಗಿಲ್ಲವೆಂದು ಯಾರೂ ಹೇಳಲಾರರು. ಆದರೆ ಎಲ್ಲವನ್ನೂ ದಾನದ ಅಧ್ಯಾಯದಲ್ಲೇ ಓದುವ ಅಭ್ಯಾಸದಿಂದ ಒಂದು ಹಾನಿಯಾಗಿದೆ. ದಾನವೆಂದರೆ ಕೊಟ್ಟರೆ ಪುಣ್ಯ, ಕೊಡದಿದ್ದರೆ ದೋಷವೇನೂ ಇಲ್ಲ ಎಂಬ ಭಾವನೆ ಬೇರೂರಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದರೆ ಬೇರೆಯೇ ಮಾತು ಕಾಣುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕಟ್ಟುವುದು, ಹೊಡೆಯುವುದು, ಅಂಗಚ್ಛೇದಗಳ ಜೊತೆಗೆ ಅತಿಭಾರ ಹೊರಿಸುವುದೂ ಅನ್ನಪಾನಗಳನ್ನು ತಡೆಯುವುದೂ ಸೇರಿವೆ. ತನ್ನ ಅಧೀನದಲ್ಲಿರುವ ಜೀವದ ಅನ್ನ ನೀರನ್ನು ತಡೆದವನ ವ್ರತಕ್ಕೆ ಕಳಂಕ ಬರುತ್ತದೆ. ಅಲ್ಲಿ ಔದಾರ್ಯದ ಪ್ರಸ್ತಾಪವೇ ಇಲ್ಲ. ಔಷಧದ ಹೆಸರು ಆ ಸೂತ್ರದಲ್ಲಿಲ್ಲ ಎಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪ ಅಕ್ಷರಶಃ ಸರಿ. ಅನ್ನವನ್ನು ನುಂಗಲಾರದ ರೋಗಿಗೆ ಅನ್ನಪಾನವೆಂದರೆ ಏನೆಂದು ಅವರೇ ಹೇಳಬೇಕು.

ಹೀಗೆ ಓದಿಕೊಂಡರೆ ಟ್ರಸ್ಟುಗಳ ಕೆಲಸವೂ ಬೇರೆಯಾಗುತ್ತದೆ. ಕ್ಷಯದ ಚಿಕಿತ್ಸೆಗೆ ಸೇರಿದ ಪ್ರತಿ ರೋಗಿಗೂ ಸರ್ಕಾರದ ನಿಕ್ಷಯ್ ವ್ಯವಸ್ಥೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಮೇಲೆ ಚಿಕಿತ್ಸೆಯನ್ನು ದೇಶದ ಇನ್ನೊಂದು ಊರಿಗೆ ವರ್ಗಾಯಿಸಬಹುದು. ಕೊಯ್ಲು ಮುಗಿದು ಮೇಸ್ತ್ರಿ ಜನರನ್ನು ಲಾರಿ ಹತ್ತಿಸುವ ಮುನ್ನ ಯಾರಾದರೂ ಆರೋಗ್ಯ ಕೇಂದ್ರಕ್ಕೆ ಹೋಗಿ ಆ ವರ್ಗಾವಣೆಯನ್ನು ಮಾಡಿಸಬೇಕು, ದಾರಿಗಾಗುವಷ್ಟು ಮಾತ್ರೆ ಕೇಳಿ ಪಡೆಯಬೇಕು, ತಲುಪಿದ ಊರಿನಿಂದ ಸುದ್ದಿ ತರಿಸಬೇಕು. ತೋಟದ ರೈಟರು ಚೆಕ್‌ರೋಲಿನಲ್ಲಿ ಹೆಸರಿನ ಮುಂದೆ ಆ ಸಂಖ್ಯೆಯನ್ನೂ ಬರೆದಿಟ್ಟರೆ ಅರ್ಧ ಕೆಲಸ ಆದಂತೆ. ಇದಕ್ಕೆ ಕಟ್ಟಡ ಬೇಡ. ದಾನಿಗಳ ಹೆಸರು ಕೆತ್ತುವ ಶಿಲಾಫಲಕಕ್ಕೂ ಇದರಲ್ಲಿ ಸ್ಥಳವಿಲ್ಲ. ಇದುವರೆಗೆ ಈ ಕೆಲಸವನ್ನು ಯಾವ ಟ್ರಸ್ಟೂ ಕೈಗೆತ್ತಿಕೊಳ್ಳದಿದ್ದರೆ ಅದೂ ಒಂದು ಕಾರಣವಿರಬಹುದು.