ಬೆಂಚಿನ ಮೇಲಿನ ಸಾಕ್ಷಿ

ಆಲಿವರ್ ಸ್ಟೋನ್ ಅವರ ‘ಜೆಎಫ್‌ಕೆ’ (1991) ಎಂದೊಡನೆ ನಮ್ಮ ಫಿಲ್ಮ್ ಸೊಸೈಟಿ ಗೆಳೆಯರ ದನಿ ಏರುತ್ತದೆ: ಪ್ರಭುತ್ವವನ್ನೇ ಪ್ರಶ್ನಿಸಿದ ಸಿನಿಮಾ! ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯ ಕುರಿತ, ಮೂರು ಗಂಟೆ ಮೀರುವ ಈ ಚಿತ್ರ ಪ್ರಶ್ನಿಸುತ್ತದೆಯೇ ಎಂಬುದೇ ನನ್ನ ಪ್ರಶ್ನೆ. ಸಂಕಲನಕ್ಕೂ ಛಾಯಾಗ್ರಹಣಕ್ಕೂ ಆಸ್ಕರ್ ಬಂತು, ಬರಲೇಬೇಕಿತ್ತು. ನನ್ನ ತಕರಾರಿರುವುದೂ ಅವೆರಡರ ಜತೆಗೇ.

ವಾಷಿಂಗ್ಟನ್ನಿನ ದೃಶ್ಯ ನೋಡಿ. ಹತ್ಯೆಯ ಸಂಚಿನ ಬೆನ್ನುಹತ್ತಿದ ಸರಕಾರಿ ವಕೀಲ ಗ್ಯಾರಿಸನ್‌ನನ್ನು (ಕೆವಿನ್ ಕಾಸ್ಟ್ನರ್) ಬೆಂಚಿನ ಮೇಲೆ ಕೂರಿಸಿಕೊಂಡು, ‘ಎಕ್ಸ್’ ಎಂಬ ಹೆಸರಿಲ್ಲದ ಅಧಿಕಾರಿ ಸುಮಾರು ಕಾಲು ಗಂಟೆ ಮಾತಾಡುತ್ತಾನೆ. ಡೊನಾಲ್ಡ್ ಸದರ್ಲೆಂಡ್ ಉಸಿರು ಬಿಡದೆ ಹೇಳುತ್ತಾರೆ, ನಾವು ಉಸಿರು ಬಿಡದೆ ಕೇಳುತ್ತೇವೆ. ಯಾರು, ಹೇಗೆ ಕೊಂದರು ಎಂಬುದೆಲ್ಲ ಜನರನ್ನು ಮರುಳು ಮಾಡುವ ಆಟ. ಯಾಕೆ ಕೊಂದರು, ಯಾರಿಗೆ ಲಾಭ ಎಂದು ಕೇಳು, ಇದು ಅವನ ವಾದ. ಕಾಗೆ ಕೂತಿತು, ಕೊಂಬೆ ಮುರಿಯಿತು. ಕಾಗೆಗೆ ಕೊಂಬೆಯ ಮೇಲೆ ಏನು ಹಗೆಯಿತ್ತು ಎಂದಷ್ಟೇ ವಿಚಾರಿಸಬೇಕಂತೆ.

ಇಷ್ಟೇ ಆಗಿದ್ದರೆ ಮಾತುಗಾರನೊಬ್ಬನ ಊಹೆ ಎಂದು ಬಿಡಬಹುದಿತ್ತು. ಆದರೆ ಅವನ ಮಾತಿನ ಬೆನ್ನಿಗೇ ಪರದೆಯ ಮೇಲೆ ಕಪ್ಪುಬಿಳುಪು ತುಣುಕುಗಳು ಬರುತ್ತವೆ. ಈ ಚಿತ್ರದಲ್ಲಿ ಅಸಲಿ ಸುದ್ದಿಚಿತ್ರಕ್ಕೂ ಸ್ಟೋನ್ ಹೊಸದಾಗಿ ತೆಗೆದದ್ದಕ್ಕೂ ಹಾಕಿದ ಹೊಲಿಗೆ ಕಾಣುವುದೇ ಇಲ್ಲ. ಕೆನಡಿ ನಂತರ ಗದ್ದುಗೆಗೇರಿದ ಜಾನ್ಸನ್ ತನ್ನವರಿಗೆ ವಿಯೆಟ್ನಾಂ ಯುದ್ಧದ ಮಾತು ಕೊಡುವುದನ್ನು ನಾವು ಕಣ್ಣಾರೆ ಕಾಣುತ್ತೇವೆ. ಆ ಕೋಣೆಯಲ್ಲಿ ಎಕ್ಸ್ ಇದ್ದನೆ? ಚಿತ್ರ ಹೇಳುವುದಿಲ್ಲ. ಹತ್ಯೆಯ ಹೊತ್ತಿಗಂತೂ ತನ್ನನ್ನು ದಕ್ಷಿಣ ಧ್ರುವಕ್ಕೆ ಅಟ್ಟಿದ್ದರೆಂದು, ಸುದ್ದಿಯನ್ನು ನ್ಯೂಜಿಲೆಂಡಿನ ಪತ್ರಿಕೆಯಲ್ಲಿ ಓದಿದೆನೆಂದು ಅವನೇ ಹೇಳುತ್ತಾನೆ! ಕೋರ್ಟಿಗೆ ಬಾ ಎಂದರೆ ಒಲ್ಲೆ. ಅವನ ಬದಲಿಗೆ ಕ್ಯಾಮೆರಾ ಸಾಕ್ಷಿ ನುಡಿಯುತ್ತದೆ. ಅದಕ್ಕೆ ಪಾಟೀಸವಾಲು ಹಾಕುವವರು ಯಾರು? ಈ ಭೇಟಿಯೂ ಕಲ್ಪಿತ. ಪಾತ್ರವನ್ನು ಬಹುಮಟ್ಟಿಗೆ ಫ್ಲೆಚರ್ ಪ್ರೌಟಿ ಎಂಬ ನಿವೃತ್ತ ಕರ್ನಲ್‌ರನ್ನು ನೋಡಿ ಹೊಸೆಯಲಾಗಿದೆ.

ಕಲಾವಿದನಿಗೆ ಸ್ವಾತಂತ್ರ್ಯ ಬೇಡವೆ ಎನ್ನುತ್ತಾರೆ ಗೆಳೆಯರು. ಹತ್ಯೆಯ ಸರಕಾರಿ ತನಿಖೆ ನಡೆಸಿದ ವಾರೆನ್ ಆಯೋಗದ ಪುರಾಣಕ್ಕೆ ಇದು ಪ್ರತಿಪುರಾಣ ಎಂದು ಸ್ಟೋನ್ ಕೂಡ ಹೇಳಿದ್ದುಂಟು. ಆಗಲಿ, ಪುರಾಣಕ್ಕೆ ಕೂತವನು ಪುರಾವೆ ಕೇಳಬಾರದು. ಹಾಗಿದ್ದರೆ ಇದನ್ನು ತನಿಖೆ ಎಂದು ಹೊಗಳುವುದನ್ನೂ ಬಿಡಿ. 1992ರಲ್ಲಿ ಹತ್ಯೆಯ ಕಡತಗಳನ್ನು ಬಯಲಿಗೆ ತರುವ ಕಾನೂನು ಬಂದದ್ದು ಈ ಚಿತ್ರ ಎಬ್ಬಿಸಿದ ಗದ್ದಲದಿಂದ, ಒಪ್ಪಿದೆ. ಆ ಪುಣ್ಯವನ್ನು ಚಿತ್ರಕಥೆಯ ಖಾತೆಗೆ ಜಮಾ ಮಾಡುವುದು ಯಾವ ಲೆಕ್ಕ? ಗ್ಯಾರಿಸನ್ ಹೊರಿಸಿದ ಸಂಚಿನ ಆರೋಪಕ್ಕೆ ನಿಜವಾಗಿ ಕಟಕಟೆಯಲ್ಲಿ ನಿಂತ ಕ್ಲೇ ಶಾ ಅವರನ್ನು 1969ರಲ್ಲಿ ಜ್ಯೂರಿ ಒಂದು ಗಂಟೆಯೊಳಗೆ ಖುಲಾಸೆ ಮಾಡಿತ್ತು. ಅನುಮಾನದ ಸಿನಿಮಾವೇ ಬೇಕಿದ್ದರೆ ಕೊಪೊಲಾ ಅವರ ‘ದಿ ಕಾನ್ವರ್ಸೇಷನ್’ (1974) ಇದೆ. ಅಲ್ಲಿ ಕದ್ದು ಕೇಳುವವನಿಗೆ ಅವನ ಕಿವಿಯೇ ಕೈಕೊಡುತ್ತದೆ.

ಅಂದಹಾಗೆ, ‘ಜೆಎಫ್‌ಕೆ’ಯಲ್ಲಿ ಆ ಆಯೋಗದ ಮುಖ್ಯಸ್ಥ, ನ್ಯಾಯಮೂರ್ತಿ ಅರ್ಲ್ ವಾರೆನ್ ಪಾತ್ರ ಮಾಡಿದವರು ಸಾಕ್ಷಾತ್ ಜಿಮ್ ಗ್ಯಾರಿಸನ್. ಇಡೀ ಚಿತ್ರದಲ್ಲಿ ನನಗೆ ನಗು ಬಂದದ್ದು ಅಲ್ಲೊಂದೇ ಕಡೆ.