ಎರಡು ಸಲ ಎಂಟರ್ ಒತ್ತಿದರೆ?

ಮಾನಸರೋವರ ಸ್ಟೇಷನ್ನಿನಲ್ಲಿ ಠಾಣೆ ಲೋಕಲ್ ಹಿಡಿದರೆ ಕಾಮೋಠೆಯವರಿಗೆ ರಬಾಳೆ, ಐರೋಲಿಯ ಡೇಟಾ ಸೆಂಟರುಗಳು ನೇರ ದಾರಿ. ಆದರೆ ನಡುರಾತ್ರಿಯ ಕೊನೆಯ ಲೋಕಲ್ ಹೊರಟುಹೋಯಿತೆಂದರೆ ನಸುಕಿನವರೆಗೆ ಆ ದಾರಿಯೂ ಇಲ್ಲ. ಸರ್ವರಿನ ಡಿಸ್ಕ್ ತುಂಬುವುದು ಸಾಮಾನ್ಯವಾಗಿ ಆ ಹೊತ್ತಿಗೇ. ಜಾಗ ತೆರವು ಮಾಡುವ ಸ್ಕ್ರಿಪ್ಟ್ ಬರೆದವನು ಇಲ್ಲಿ ನಿದ್ದೆಯಲ್ಲಿ, ಅದನ್ನು ಓಡಿಸಬೇಕಾದವಳು ಅಲ್ಲಿ ನೈಟ್ ಶಿಫ್ಟಿನಲ್ಲಿ. ಉಡುಪಿ ಹೋಟೆಲಿನ ಭಟ್ಟರು ಊರಿಗೆ ಹೋದರೂ ಸಾಂಬಾರು ಅದೇ ಸಾಂಬಾರಾಗಿರಬೇಕಲ್ಲ, ಸ್ಕ್ರಿಪ್ಟೂ ಹಾಗೆಯೇ.

ಮತ್ತೆ ಮತ್ತೆ ಬಳಸುವ ಸ್ಕ್ರಿಪ್ಟ್ ಅಂದರೆ ಟೈಪಿಂಗ್ ಉಳಿಸುವ ಉಪಾಯ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಒರೆಗಲ್ಲು ಬೇರೆ: ಗಾಬರಿಯಲ್ಲಿ ಎರಡು ಸಲ ಓಡಿಸಿದರೂ ಅದು ಏನನ್ನೂ ಕೆಡಿಸಬಾರದು. ಕಾನ್ಫಿಗ್ ಫೈಲಿನ ಕೊನೆಗೆ ಒಂದು ಸಾಲು ಸೇರಿಸುವ ಸ್ಕ್ರಿಪ್ಟ್ ಎರಡನೇ ಸಲ ಅದೇ ಸಾಲನ್ನು ಮತ್ತೆ ಅಂಟಿಸಿದರೆ ಅದು ಅರೆಬೆಂದ ಕೆಲಸ. ಸಾಲು ಇದೆಯೇ ಎಂದು ಮೊದಲು ಗ್ರೆಪ್ ಮಾಡಿ ನೋಡಬೇಕು. ಡೈರೆಕ್ಟರಿ ಮಾಡುವಾಗ ಮೈನಸ್ ಪಿ ಹಾಕಿದರೆ, ಆಗಲೇ ಇದ್ದರೂ ತಕರಾರಿಲ್ಲ. ಕ್ರಾನ್ ಎಬ್ಬಿಸಿದ ಬ್ಯಾಕಪ್ ಮುಗಿಯುವ ಮೊದಲೇ ಇನ್ನೊಂದು ಶುರುವಾಗದಂತೆ ಎಫ್‌ಲಾಕ್ ಹಾಕಬೇಕು.

ಇಂಥ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2015ರ ಜನವರಿಯ ಸ್ಟೀಮ್ ಪ್ರಕರಣ ಗೊತ್ತಿರಬಹುದು. ಆಟಗಳ ಆ ತಂತ್ರಾಂಶದ ಲಿನಕ್ಸ್ ಸ್ಕ್ರಿಪ್ಟಿನಲ್ಲಿ, ತನ್ನ ಫೋಲ್ಡರನ್ನು ಖಾಲಿ ಮಾಡಲು ಆರ್‌ಎಂ ಮೈನಸ್ ಆರ್‌ಎಫ್ ಇತ್ತು. ಫೋಲ್ಡರಿನ ಹೆಸರು ಒಂದು ವೇರಿಯಬಲ್‌ನಲ್ಲಿ. ಫೋಲ್ಡರನ್ನು ಜರುಗಿಸಿದವರ ಯಂತ್ರದಲ್ಲಿ ಆ ವೇರಿಯಬಲ್ ಖಾಲಿಯಾಯಿತು. ಉಳಿದದ್ದು ಒಂದು ಸ್ಲ್ಯಾಶ್, ಒಂದು ನಕ್ಷತ್ರ. ಬಳಕೆದಾರರ ಕಡತಗಳೆಲ್ಲ ಗುಡಿಸಿ ಹೋದವು. ಆ ಸಾಲಿನ ಮೇಲೆ ‘ಭಯವಾಗುತ್ತದೆ’ ಎಂಬರ್ಥದ ಕಾಮೆಂಟನ್ನು ಬರೆದವರೇ ಹಾಕಿದ್ದರು! ಭಯವಾಗಿತ್ತು, ತಡೆ ಹಾಕಿರಲಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಇಲ್ಲದ ವೇರಿಯಬಲ್ ಕಂಡರೆ ನಿಲ್ಲಿಸಲೆಂದು ಎಷ್ಟೋ ಜನ ಆರಂಭದಲ್ಲೇ ಬರೆಯುವ ಸೆಟ್ ಮೈನಸ್ ಯು ಇದನ್ನು ಹಿಡಿಯುತ್ತಿರಲಿಲ್ಲ. ವೇರಿಯಬಲ್ ಇತ್ತು, ಒಳಗೆ ಏನೂ ಇರಲಿಲ್ಲ ಅಷ್ಟೆ. ಬಳಸುವ ಜಾಗದಲ್ಲಿ ಹೆಸರಿನ ಬೆನ್ನಿಗೇ ಕೋಲನ್, ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರೆ ಶೆಲ್ ಅಲ್ಲೇ ನಿಲ್ಲುತ್ತಿತ್ತು.

ಕೋಟ್ ಬಿಟ್ಟ ವೇರಿಯಬಲ್‌ನಂಥ ಕಸವನ್ನು ಶೆಲ್‌ಚೆಕ್ ಹೆಕ್ಕಿ ಕೊಡುತ್ತದೆ, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸರ್ವರಿನ ಹೆಸರು, ಪಾತ್ ಒಳಗೆ ಕೆತ್ತದೆ ಹೊರಗಿನಿಂದ ಪಡೆಯುವುದೂ ಎಲ್ಲರಿಗೂ ಗೊತ್ತಿರುವ ಪಾಠವೇ. ನನಗೆ ಹೊಟ್ಟೆಕಿಚ್ಚು ಇರುವುದು ವಿಂಡೋಸ್ ಕಡೆಯವರ ಮೇಲೆ. 2006ರಲ್ಲಿ ಬಂದ ಪವರ್‌ಶೆಲ್‌ನಲ್ಲಿ ‘ವಾಟ್‌ಇಫ್’ ಎಂದು ಸೇರಿಸಿದರೆ ಎಷ್ಟೋ ಕಮಾಂಡುಗಳು ಏನು ಮಾಡುತ್ತಿದ್ದೆವೆಂದು ಹೇಳಿ ಸುಮ್ಮನಾಗುತ್ತವೆ. ಬ್ಯಾಶ್‌ನಲ್ಲಿ ಆ ಡ್ರೈ ರನ್ ನಾವೇ ಕಟ್ಟಿಕೊಳ್ಳಬೇಕು.

ಆದರೂ ನನ್ನ ಒಲವು ಹಳೆಯ ಶೆಲ್ಲಿನ ಕಡೆಗೇ. 1979ರಲ್ಲಿ ಯೂನಿಕ್ಸಿನ ಏಳನೇ ಆವೃತ್ತಿಯೊಂದಿಗೆ ಹೊರಬಂದ ಬೋರ್ನ್ ಶೆಲ್ಲಿನ ಇಫ್, ಫಾರ್, ಕೇಸ್ ಇವತ್ತಿಗೂ ಹಾಗೇ ಓಡುತ್ತವೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್ನೆಟ್ಟನ್ನು ಸಾರ್ವಜನಿಕರಿಗೆ ತೆರೆದಾಗ ಅಗ್ಗದ ದಾರಿ ಎಂದರೆ ಶೆಲ್ ಅಕೌಂಟ್. ಮುಂಬಯಿಯ ಎಷ್ಟೋ ವಿದ್ಯಾರ್ಥಿಗಳು ಚಿತ್ರವಿಲ್ಲದ ಕಪ್ಪು ಪರದೆಯಲ್ಲಿ ಯೂನಿಕ್ಸಿನ ಮುಖ ಕಂಡದ್ದು ಹಾಗೆ.

ಈ ವಾರದ ಕೈಕೆಲಸ, ಹಳೆಯ ಬ್ಯಾಕಪ್ ಅಳಿಸುವ ಫೈಂಡ್. ಮೈನಸ್ ಡಿಲೀಟನ್ನು ಷರತ್ತುಗಳ ಮುಂದೆ ಇಟ್ಟರೆ ಅದು ಷರತ್ತು ನೋಡುವ ಮೊದಲೇ ಎಲ್ಲವನ್ನೂ ಅಳಿಸುತ್ತದೆ. ಅದು ಕೊನೆಗೇ ಇರಲಿ. ಎಮ್‌ಟೈಮ್ ಪ್ಲಸ್ ಏಳು ಎಂದರೆ ಏಳು ದಿನ ದಾಟಿದ್ದಲ್ಲ, ಎಂಟು ದಿನ ತುಂಬಿದ್ದು, ಏಕೆಂದರೆ ಫೈಂಡ್ ಮುರುಕು ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಿಲೀಟಿನ ಜಾಗದಲ್ಲಿ ಮೊದಲು ಪ್ರಿಂಟ್ ಹಾಕಿ, ಪಟ್ಟಿಯನ್ನು ಕಣ್ಣಾರೆ ಓದಿ, ಆಮೇಲೆ ಪದ ಬದಲಿಸಿ.