ಕನ್ನಡಿಯೊಳಗಿನ ಪೊಲೀಸರು

2014ರ ಆಸ್ಕರ್ ಸಮಾರಂಭದಲ್ಲಿ ನಿರೂಪಕಿ ಎಲೆನ್ ಡಿಜೆನೆರೆಸ್ ತಾರೆಯರನ್ನು ಗುಂಪುಗೂಡಿಸಿ ತೆಗೆಸಿದ ಸೆಲ್ಫಿಯನ್ನು ನಮ್ಮ ಕಾಲದ ಪ್ರಾತಿನಿಧಿಕ ಚಿತ್ರವೆಂದು ಹೊಗಳುವುದು ಇನ್ನೂ ನಿಂತಿಲ್ಲ. ಫೋನು ಪ್ರಾಯೋಜಕ ಸ್ಯಾಮ್‌ಸಂಗ್‌ನದು, ಒತ್ತಿದ ಬೆರಳು ನಟ ಬ್ರಾಡ್ಲಿ ಕೂಪರ್‌ನದು, ರೀಟ್ವೀಟ್ ಮೂವತ್ತು ಲಕ್ಷಕ್ಕೂ ಮೇಲೆ. ಜಾಹೀರಾತಾಗಿ ಅಚ್ಚುಕಟ್ಟು. ಎರಡನೇ ಸಲ ನೋಡಿದರೆ ಹೊಸದೇನೂ ಸಿಗುವುದಿಲ್ಲ.

ಸಿಗುವುದು ಕಲಾವಿದ ಐ ವೈವೈ 2009ರ ಆಗಸ್ಟಿನಲ್ಲಿ ಚೀನಾದ ಚೆಂಗ್ಡುವಿನ ಹೋಟೆಲ್ ಲಿಫ್ಟಿನಲ್ಲಿ ತೆಗೆದ ಚಿತ್ರದಲ್ಲಿ. ಸಿಚುವಾನ್ ಭೂಕಂಪಕ್ಕೆ ಕುಸಿದ ಶಾಲೆಗಳಲ್ಲಿ ಸತ್ತ ಮಕ್ಕಳ ಲೆಕ್ಕ ಕೇಳಿದ್ದ ತಾನ್ ಜುವೊರೆನ್ ಪರ ಸಾಕ್ಷಿ ನುಡಿಯಲು ಹೋಗಿದ್ದ ಅವರನ್ನು, ಪೊಲೀಸರು ನಸುಕಿನಲ್ಲಿ ಕೋಣೆಗೆ ನುಗ್ಗಿ, ತಲೆಗೆ ಹೊಡೆದು ತಡೆದಿದ್ದರು. ಮುಂದಿನ ತಿಂಗಳು ಮ್ಯೂನಿಕ್‌ನಲ್ಲಿ ಮೆದುಳಿನ ರಕ್ತಸ್ರಾವಕ್ಕೆ ಶಸ್ತ್ರಚಿಕಿತ್ಸೆಯಾಯಿತು.

ಚಿತ್ರದಲ್ಲಿ ಎತ್ತಿದ ಕೈ, ಕೈಯಲ್ಲಿ ಫೋನು. ಲಿಫ್ಟಿನ ಕನ್ನಡಿಗೆ ಬಡಿದ ಫ್ಲ್ಯಾಶ್ ಮೇಲ್ಭಾಗದಲ್ಲಿ ಬೆಳ್ಳಗೆ ಸಿಡಿದಿದೆ. ಬೇರೆಯವರಾದರೆ ಅಳಿಸಿ ಇನ್ನೊಂದು ತೆಗೆಯುತ್ತಿದ್ದರು. ಇಲ್ಲಿ ಇಡೀ ಚಿತ್ರ ನಿಂತಿರುವುದೇ ಆ ದೋಷದ ಮೇಲೆ. ಮಾಮೂಲಿ ಸೆಲ್ಫಿಯಲ್ಲಿ ಕ್ಯಾಮೆರಾ ಚೌಕಟ್ಟಿನಾಚೆ ಅಡಗಿರುತ್ತದೆ; ಇಲ್ಲಿ ಎಲ್ಲರಿಗಿಂತ ಮೊದಲು ಕಣ್ಣಿಗೆ ಹೊಡೆಯುವುದು ಅದೇ. ಕಾವಲಿಗೆ ನಿಂತ ಪೊಲೀಸರೂ ಅದೇ ಕನ್ನಡಿಗೆ ಸಿಕ್ಕಿಬಿದ್ದಿದ್ದಾರೆ. ನೋಡುವುದು ಅವರ ಕೆಲಸ, ನೋಡಿಸಿಕೊಳ್ಳುವುದಲ್ಲ. ಇನ್ನು ಫೋನು ಕಿತ್ತುಕೊಂಡರೂ ಟ್ವಿಟರ್‌ಗೆ ಹೋದ ಚಿತ್ರ ವಾಪಸು ಬರುವುದಿಲ್ಲ. ಹಂಚುವುದು ಇಲ್ಲಿ ತೋರಿಕೆಯಲ್ಲ, ಸಾಕ್ಷಿ. ನ್ಯಾಯಾಲಯದಲ್ಲಿ ಹೇಳಗೊಡದ ಸಾಕ್ಷಿಯ ಬದಲಿಗೆ ಲಿಫ್ಟಿನಲ್ಲಿ ದಾಖಲಾದದ್ದು.

ಸೆಲ್ಫಿಯನ್ನು ಹೊಸ ಪ್ರಕಾರವೆಂದು ಗಂಭೀರವಾಗಿ ಪರಿಗಣಿಸಿದ ಅಮೆರಿಕದ ವಿಮರ್ಶಕ ಜೆರಿ ಸಾಲ್ಟ್ಜ್‌ಗೆ ಶ್ರೇಯಸ್ಸು ಸಲ್ಲಬೇಕು. ಆದರೆ ಚಾಚಿದ ತೋಳನ್ನೇ ಅದರ ಗುರುತಾಗಿ ಹಿಡಿದು, ಪೂರ್ವಜನನ್ನು ಹುಡುಕುತ್ತ ಅವರು ಇಟಲಿಯ ಚಿತ್ರಕಾರ ಪಾರ್ಮಿಜಾನಿನೊ 1524ರ ಸುಮಾರಿಗೆ ಬರೆದ ಉಬ್ಬುಗನ್ನಡಿಯ ಸ್ವಚಿತ್ರಕ್ಕೆ ಹೋಗುತ್ತಾರೆ. ನನ್ನ ತಕರಾರು ಅಲ್ಲೇ. ಮುಂದೆ ಊದಿ ನಿಂತ ಆ ಕೈ, ಇಪ್ಪತ್ತೊಂದರ ಹುಡುಗ ರೋಮಿಗೆ ಒಯ್ದು ಪೋಪ್ ಏಳನೇ ಕ್ಲೆಮೆಂಟನಿಗೆ ಒಪ್ಪಿಸಿದ ಕಸುಬಿನ ಅರ್ಜಿ. ವಂಶವೃಕ್ಷ ಬರೆಯಲೇಬೇಕೆಂದಿದ್ದರೆ ಅದರ ಕೊಂಬೆ ಎಲೆನ್ ಕಡೆಗೆ ಹೋಗುತ್ತದೆ, ಪ್ರಾಯೋಜಕನ ಸಮೇತ. ತೋಳನ್ನು ಅಳೆಯುತ್ತ ಕೂತವರಿಗೆ ಎದುರಿಗೆ ಯಾರು ನಿಂತಿದ್ದಾರೆಂಬುದು ಕಾಣುವುದಿಲ್ಲ. ಆತ್ಮರತಿ ಎಂದು ಒಂದೇ ಮಾತಿನಲ್ಲಿ ಸೆಲ್ಫಿಯ ಕತೆ ಮುಗಿಸುವ ನಮ್ಮ ಅಂಕಣಕಾರರಿಗೂ ಮುಖವೊಂದೇ ಕಂಡದ್ದು. ಪಕ್ಕದಲ್ಲಿ ಪೊಲೀಸ್ ಇದ್ದರೂ ಅವರು ಮುಖವನ್ನೇ ನೋಡುತ್ತಿದ್ದರೇನೋ.

ಐ ವೈವೈ ಆಮೇಲೆ ಸಿಕ್ಕಸಿಕ್ಕವರ ಜೊತೆ ತೆಗೆದು ಹಾಕಿದ ಸೆಲ್ಫಿಗಳಲ್ಲಿ ಬಹಳಷ್ಟು ನೀರಸ, ಒಪ್ಪುತ್ತೇನೆ. ಲಿಫ್ಟಿನ ಚಿತ್ರವೂ ‘ಇಲ್ಯುಮಿನೇಷನ್’ ಎಂಬ ಹೆಸರು ಹೊತ್ತು ಗ್ಯಾಲರಿಯ ಗೋಡೆ ಏರಿದಾಗ ಅರ್ಧ ಸೊರಗುತ್ತದೆ. ಅದನ್ನು ಅಲ್ಲಿ ಯಾರೂ ಕಿತ್ತುಕೊಳ್ಳಲು ಬರುವುದಿಲ್ಲ.